ಶ್ರಾವಣದಲ್ಲಿ ಹೊರಟ ಬಂಡಿಗಳು

ಡಾಕ್ಟರು ನನ್ನ ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದೆಳೆದು, ಗಂಟಲಿಗೆ ಪುಟ್ಟ ಕನ್ನಡಿ ಇಳಿಸಿ ನೋಡಿ, "ಟೀಚರಾ?" ಎಂದರು. ನಾಲಿಗೆ ಅವರ ಕೈಯಲ್ಲಿತ್ತು. ಕಣ್ಣು ಮುಚ್ಚಿ ತೆರೆದೆ. "ನೋಡಿದ್ರೇ ಗೊತ್ತಾಗುತ್ತೆ ಬಿಡಿ," ಎಂದು ಕೈ ತೊಳೆಯಲು ಎದ್ದರು.

ಧ್ವನಿತಂತುಗಳ ಮೇಲೆ ಎರಡು ಕಡೆಯೂ ಸಣ್ಣ ಗಂಟು. ಗುದ್ದಲಿ ಹಿಡಿದವರ ಅಂಗೈ ಜಡ್ಡುಗಟ್ಟುವ ಹಾಗೆ, ಕೂಗಿ ಕೂಗಿ ಗಂಟಲು ಜಡ್ಡುಗಟ್ಟಿತ್ತು. "ತಿಂಗಳೆರಡು ತಿಂಗಳು ಮಾತು ಬೇಡ. ಪಿಸುಮಾತಂತೂ ಬೇಡವೇ ಬೇಡ, ಅದು ಕೂಗೋದಕ್ಕಿಂತ ಕೆಟ್ಟದ್ದು. ಹೀಗೇ ಎಳೆದ್ರೆ ಆಪರೇಷನ್ ಮಾಡ್ಬೇಕಾಗುತ್ತೆ. ಆಮೇಲೆ ಕ್ಲಾಸಲ್ಲಿ ಕೂಗೋ ಧ್ವನಿ ವಾಪಸ್ ಬರುತ್ತೆ ಅಂತ ನಾನು ಬರ್ಕೊಡಲ್ಲ," ಎಂದರು. ಅವರು ಒಳ್ಳೆಯ ಮನುಷ್ಯ. ನಾನು ಅಳುವುದಕ್ಕೆ ಶುರುಮಾಡಿದಾಗ ಅಳುವುದೂ ಗಂಟಲಿಗೆ ಒಳ್ಳೆಯದಲ್ಲ ಎಂದು ಮೆಲ್ಲಗೆ ಹೇಳಿದರು.

ಇದು ತೊಂಬತ್ತರ ದಶಕದ ಕೊನೆಯ ಮಾತು. ಮೈಸೂರಿನ ಯಾದವಗಿರಿಯ ಕಡೆ ಒಂದು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಏಳನೇ ತರಗತಿಯ 'ಎ' ಸೆಕ್ಷನ್ನಿಗೆ ಸಮಾಜ ಪಾಠ ಮಾಡುತ್ತಿದ್ದೆ. ಟೆಂಪರರಿ. ಪ್ರತಿ ಮಾರ್ಚಿಗೆ ಕೆಲಸ ಮುಗಿಯುತ್ತಿತ್ತು, ಪ್ರತಿ ಜೂನಿಗೆ ದೇವರ ದಯೆಯಿಂದ ಮತ್ತೆ ಸಿಗುತ್ತಿತ್ತು. ಆ ವರ್ಷ ಖಾಯಂ ಮಾಡುವ ಮಾತು ಬಂದಿತ್ತು. ಜನವರಿಯಲ್ಲಿ ಆಡಳಿತ ಮಂಡಳಿಯವರ ಮುಂದೆ ಒಂದು ಮಾದರಿ ಪಾಠ ಮಾಡಬೇಕು, ಅವರು ಒಪ್ಪಿದರೆ ಆರ್ಡರ್. ಮಾತೇ ಆಡದೆ ಮಾದರಿ ಪಾಠ ಮಾಡುವುದು ಹೇಗೆ?

ಡಾಕ್ಟರ ಚೀಟಿ ಹಿಡಿದು ಹೆಡ್‌ಮಿಸ್ಸಿನ ಕೋಣೆಗೆ ಹೋದೆ. ಅವರು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ರಜಾ ತಗೊಳ್ಳಿ, ಯಾರು ಬೇಡ ಅಂದ್ರು? ಆದ್ರೆ ನಿಮ್ಮ ಜಾಗಕ್ಕೆ ಯಾರನ್ನಾದ್ರೂ ಹಾಕ್ಕೋಬೇಕಲ್ಲಮ್ಮ. ಹಾಕ್ಕೊಂಡ ಮೇಲೆ ಅವರನ್ನ ಹೋಗಿ ಅನ್ನೋದು ಹೇಗೆ, ನೀವೇ ಹೇಳಿ."

ಹೇಳುವ ಹಾಗಿರಲಿಲ್ಲವಲ್ಲ, ತಲೆಯಾಡಿಸಿ ಹೊರಗೆ ಬಂದೆ.

ಆ ಸಂಜೆ ಕೆಸರೆಯ ಮನೆಯಲ್ಲಿ ಅತ್ತೆಗೆ ವಿಷಯ ತಿಳಿಸಿದವರು ನನ್ನ ಗಂಡ. ಅತ್ತೆ ರಾಗಿ ಬೀಸಿಸಿಕೊಂಡು ಬಂದ ಡಬ್ಬ ಇಳಿಸುತ್ತಾ, "ಅಂಗಾದ್ರೆ ಇನ್ನು ನಾನು ಏನಂದ್ರೂ ಇವಳು ಎದುರು ಮಾತಾಡಂಗಿಲ್ಲ ಅನ್ನು," ಎಂದು ನಕ್ಕರು. ನಕ್ಕವರೇ ಹೋಗಿ ಜ್ಯೇಷ್ಠಮಧುವಿನ ಬೇರು ಹುಡುಕಿ ತಂದು ಕೈಗಿಟ್ಟರು. ಆ ಎರಡು ತಿಂಗಳು ನಮ್ಮಿಬ್ಬರಿಗೆ ಜಗಳವೇ ಆಗಲಿಲ್ಲ. ಅದೊಂದು ಲಾಭ.

ಮಾತಿಲ್ಲದೆ ಪಾಠ ಮಾಡುವ ದಾರಿ ಒಂದು ದಪ್ಪ ಲಕೋಟೆಯಲ್ಲಿತ್ತು. ಹಿಂದಿನ ವರ್ಷ ಯೋಗ ಕಲಿಯಲು ಅಮೆರಿಕದಿಂದ ಬಂದ ಹೆಂಗಸೊಬ್ಬರು ಶಾಲೆಯ ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದರು. ಅವರೂ ತಮ್ಮೂರಲ್ಲಿ ಏಳನೇ ತರಗತಿಯ ಟೀಚರಂತೆ. ಒಂದು ದಿನ ನಮ್ಮ ಶಾಲೆ ನೋಡಲು ಬಂದು, ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕೂತು, ನಾನು ಐವತ್ತು ಮಕ್ಕಳ ಮುಂದೆ ಕೂಗುವುದನ್ನು ಕೇಳಿದ್ದರು. ಊರಿಗೆ ಹೊರಡುವ ಮುಂಚೆ ಈ ಲಕೋಟೆ ಕೊಟ್ಟು ಹೋದರು. ನಾನದನ್ನು ಬೀರುವಿನ ಮೇಲೆಸೆದು ಮರೆತಿದ್ದೆ.

ಅಮೆರಿಕದ ಪೂರ್ವಭಾಗದ ಸಂಸಾರಗಳು ಎತ್ತಿನ ಬಂಡಿಗೆ ಮನೆಸಾಮಾನು ಹೇರಿ, ಐದಾರು ತಿಂಗಳು ಹುಲ್ಲುಗಾವಲು, ನದಿ, ಬೆಟ್ಟ ದಾಟಿ ಪಶ್ಚಿಮದ ಒರೆಗಾನ್ ಎಂಬ ಕಡೆಗೆ ಹೊಸ ಹೊಲ ಹುಡುಕಿಕೊಂಡು ಹೋದ ಕಥೆ ನಮ್ಮ ಪುಸ್ತಕದಲ್ಲಿ ಒಂದೂವರೆ ಪುಟ. ಎರಡು ಪ್ರಶ್ನೆ, ಒಂದು ಟಿಪ್ಪಣಿ. ಆ ಲಕೋಟೆಯೊಳಗೆ ಅದೇ ಕಥೆ ಆಟವಾಗಿತ್ತು. ಮಕ್ಕಳು ಬಂಡಿಗಳಾಗಿ ಭಾಗವಾಗಬೇಕು. ಏನು ಹೇರಬೇಕು, ಯಾವಾಗ ಹೊರಡಬೇಕು, ಯಾವ ನದಿ ಎಲ್ಲಿ ದಾಟಬೇಕು, ಎಲ್ಲ ಅವರೇ ತೀರ್ಮಾನಿಸಬೇಕು. ಪ್ರತಿ ಪೀರಿಯಡ್ಡೂ ಹದಿನೈದು ದಿನದ ಪ್ರಯಾಣ. ಪ್ರತಿ ಬಂಡಿ ಒಂದು ದಾರಿ ಚೀಟಿ ಎತ್ತಬೇಕು. ಚೀಟಿಯಲ್ಲಿ ಕಾಲರಾ ಬರಬಹುದು, ಚಕ್ರ ಮುರಿಯಬಹುದು, ಒಳ್ಳೆಯ ಹುಲ್ಲೂ ಸಿಗಬಹುದು. ಟೀಚರಿಗೆ ಇದ್ದ ಕೆಲಸ ಗೋಡೆಯ ಕ್ಯಾಲೆಂಡರು ತಿರುಗಿಸುವುದು ಮತ್ತು ನಿಯಮ ಕಾಯುವುದು. ಓದುತ್ತಾ ಓದುತ್ತಾ ನನ್ನ ಕಣ್ಣು ಹುಡುಕುತ್ತಿದ್ದುದು ಒಂದನ್ನೇ, ಟೀಚರು ಎಲ್ಲಿ ಮಾತಾಡಬೇಕು ಎಂಬುದನ್ನು. ಎಲ್ಲೂ ಇರಲಿಲ್ಲ.

ಇದನ್ನು ಸಿದ್ಧಮಾಡಲು ಸುಮಾರು ಎರಡು ವಾರ ಹಿಡಿಯಿತು. ತೂಕವೆಲ್ಲ ಪೌಂಡಿನಲ್ಲಿತ್ತು, ಕೆ.ಜಿ.ಗೆ ತಿರುಗಿಸಿದೆ. ನಾಲ್ಕು ಡ್ರಾಯಿಂಗ್ ಶೀಟು ಅಂಟಿಸಿ ನಕ್ಷೆ ಬರೆದೆ. 'ಬಿ' ಸೆಕ್ಷನ್ನಿನ ಟೀಚರು ನನ್ನ ಜೊತೆ ಕೂತು ಚೀಟಿ ಕತ್ತರಿಸಿದಳು. ಅವಳೂ ನನ್ನ ಹಾಗೆ ಟೆಂಪರರಿ, ಅದೇ ಪಾಠ, ಪಕ್ಕದ ಕೋಣೆ. ಸ್ಟಾಫ್ ರೂಮಿನಲ್ಲಿ ಮಾತಿನ ಬದಲು ನಾನು ಮಕ್ಕಳ ಸ್ಲೇಟು ಹಲಗೆಯ ಮೇಲೆ ಬರೆದದ್ದನ್ನು ಉಳಿದವರಿಗೆ ಓದಿ ಹೇಳುತ್ತಿದ್ದವಳೂ ಅವಳೇ. ಓದುವಾಗ ತನ್ನದೂ ಒಂದಿಷ್ಟು ಸೇರಿಸುತ್ತಿದ್ದಳು. "ಇವರಿಗೆ ಇವತ್ತು ಯಾರಾದ್ರೂ ಕಾಫಿ ಕೊಡಿಸ್ಬೇಕಂತೆ," ಎಂದು ನಾನು ಬರೆಯದೇ ಇದ್ದುದನ್ನು ಓದುತ್ತಿದ್ದಳು.

ಮಕ್ಕಳನ್ನು ಸುಮ್ಮನಾಗಿಸುವುದು ಮೊದಲ ತೊಡಕು. ಸೀಟಿ ತಂದೆ. ಊದಿದೊಡನೆ ನನ್ನ ಮಕ್ಕಳು ಸುಮ್ಮನಾದರು, ಹೊರಗೆ ಮೈದಾನದಲ್ಲಿ ಓಡುತ್ತಿದ್ದ ಆರನೇ ತರಗತಿಯವರೂ ನಿಂತುಬಿಟ್ಟರು. ಪಿ.ಟಿ. ಮೇಷ್ಟ್ರು ಕಿಟಕಿಗೆ ಬಂದು, "ಮೇಡಂ, ಇದೊಂದು ನಮಗೆ ಬಿಟ್ಬಿಡಿ," ಎಂದರು. ಮರುದಿನ ಮನೆಯಿಂದ ಪೂಜೆಯ ಗಂಟೆ ತಂದೆ. ಬಾರಿಸಿದರೆ ಅರ್ಧ ತರಗತಿ ಕೈಮುಗಿಯಿತು, ಹಿಂದಿನ ಬೆಂಚಿನಿಂದ ಒಬ್ಬ ಮಂಗಳಾರತಿ ತಟ್ಟೆಗೆ ಕೈ ಚಾಚಿದ. ಕೊನೆಗೆ ಮರದ ಸ್ಕೇಲಿನಿಂದ ಮೇಜು ಕುಟ್ಟುವುದೆಂದಾಯಿತು. ಒಂದು ಪೆಟ್ಟೆಂದರೆ ನಿಲ್ಲಿ. ಎರಡೆಂದರೆ ನಿಮ್ಮ ಬಂಡಿಗೆ ಹಿಂತಿರುಗಿ. ನಾನು ಹೇಳಬೇಕಾದ್ದೆಲ್ಲ ಪ್ರಾರ್ಥನೆಗೆ ಮುಂಚೆಯೇ ಬೋರ್ಡಿನ ಮೇಲೆ ಇರುತ್ತಿತ್ತು.

ಬೆಂಚುಗಳನ್ನು ಗೋಡೆಗೆ ಸರಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ನಿಜವಾದ ಅಳತೆಯ ಬಂಡಿಗಳನ್ನು ಬರೆದೆವು. ನಾಲ್ಕಡಿ ಅಗಲ, ಹತ್ತಡಿ ಉದ್ದ. ಅಷ್ಟರೊಳಗೆ ಒಂದು ಸಂಸಾರ. ಸಾಮಾನಿನ ಪಟ್ಟಿಯಲ್ಲಿ ಹಿಟ್ಟು, ಉಪ್ಪು ಹಚ್ಚಿದ ಮಾಂಸ, ಕಾಫಿ, ಕೊಡಲಿ, ಹಗ್ಗ ಇದ್ದವು. ನಮ್ಮ ಮಕ್ಕಳು ಪಟ್ಟಿಯನ್ನು ಗೌರವದಿಂದ ಓದಿ ಪಕ್ಕಕ್ಕಿಟ್ಟು, ತಮ್ಮದೇ ಸಾಮಾನು ಹೇರತೊಡಗಿದರು. ಉಪ್ಪಿನಕಾಯಿ ಭರಣಿ. ಹುರಿಹಿಟ್ಟು. ಒಬ್ಬಳು ರುಬ್ಬುವ ಕಲ್ಲು ಹೇರಿದಳು. ಎಲ್ಲಕ್ಕೂ ತೂಕ ಹಾಕಿದರೆ ಎತ್ತು ಎಳೆಯುವ ಹಾಗಿರಲಿಲ್ಲ. ಒಂದು ಬಂಡಿಯಲ್ಲಿ ದೇವರ ಮಂಟಪವೇ ಇತ್ತು, ತೇಗದ ಮರದ್ದು.

ಆ ಬಂಡಿಯ ಹುಡುಗ ಮುಖ ಕೆಂಪಗೆ ಮಾಡಿಕೊಂಡು ಕೇಳಿದ: "ಹಿಟ್ಟಿನ ಮೂಟೆ ಬೇಕಾದ್ರೆ ಇಳಿಸ್ತೀನಿ ಮಿಸ್. ದೇವರನ್ನ ದಾರೀಲಿ ಇಳಿಸಕ್ಕಾಗುತ್ತಾ?"

ಇಂಗ್ಲಿಷಿನಲ್ಲೇ ಮಾತಾಡಬೇಕೆಂಬ ಶಾಲೆಯ ನಿಯಮ ಆ ಹೊತ್ತಿಗೆ ಎಲ್ಲರಿಗೂ ಮರೆತೇ ಹೋಗಿತ್ತು. ಬೇರೆ ದಿನವಾಗಿದ್ದರೆ ನಾನು ಗದರಿಸುತ್ತಿದ್ದೆ. ಗದರಿಸಲು ಗಂಟಲಿರಲಿಲ್ಲ, ಸುಮ್ಮನೆ ಕೇಳಿಸಿಕೊಂಡೆ. ಆ ಹುಡುಗ ಮೂರು ವರ್ಷದಿಂದ ಅದೇ ಶಾಲೆಯಲ್ಲಿದ್ದ. ಒಂದು ಪೂರ್ತಿ ವಾಕ್ಯ ಅವನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ಎಲ್ಲ ಬಂಡಿಗಳೂ ಒಟ್ಟಿಗೆ ಒಂದೇ ಸಾಲಾಗಿ ಹೋಗಬೇಕು ಎಂಬುದು ನಿಯಮ. ಆದ್ದರಿಂದ ಹೊರಡುವ ದಿನವನ್ನು ಎಲ್ಲರೂ ಮತ ಹಾಕಿ ತೀರ್ಮಾನಿಸಬೇಕು. ಮನೆಯಲ್ಲಿ ದೊಡ್ಡವರನ್ನು ಕೇಳಿಕೊಂಡು ಬನ್ನಿ ಎಂದು ಶುಕ್ರವಾರ ಬೋರ್ಡಿನ ಮೇಲೆ ಬರೆದೆ. ಲಕೋಟೆಯಲ್ಲಿ ಹಾಗೇ ಇತ್ತು. ಅಲ್ಲಿಯ ಮಕ್ಕಳು ಏಪ್ರಿಲ್ಲೋ ಮೇಯೋ ಎಂದು ಜಗಳವಾಡುತ್ತಾರೆ ಎಂದು ಆ ಟೀಚರು ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದರು. ಹುಲ್ಲು ಚಿಗುರಿದ ಮೇಲೆ ಹೊರಡಬೇಕು, ಚಳಿಗಾಲದ ಹಿಮ ಬೀಳುವ ಮುಂಚೆ ಕೊನೆಯ ಬೆಟ್ಟ ದಾಟಬೇಕು. ಇಡೀ ಆಟ ನಿಂತಿರುವುದು ಇದರ ಮೇಲೆ.

ಸೋಮವಾರ ದೇವರ ಮಂಟಪದ ಹುಡುಗ ಎದ್ದು ನಿಂತ. ಅವನ ತಾತ ನಿವೃತ್ತ ಶಿರಸ್ತೇದಾರರು. ಮೊಮ್ಮಗ ಬಂಡಿ ಕಟ್ಟಿಕೊಂಡು ಹೊರಡುತ್ತಾನೆಂದರೆ ಸುಮ್ಮನಿರುವವರಲ್ಲ. ಪಂಚಾಂಗ ತೆಗೆದು ಕೂತಿದ್ದಾರೆ.

"ಏಪ್ರಿಲ್ ಮೇನಲ್ಲಿ ಬಿಸಿಲು, ಎತ್ತಿಗೆ ಮೇವಿರಲ್ಲ. ಜೂನಲ್ಲಿ ಮಳೆ ಬಿದ್ದು ಹುಲ್ಲು ಬರುತ್ತೆ, ಆದ್ರೆ ಈ ವರ್ಷ ಅಧಿಕ ಜ್ಯೇಷ್ಠ ಬಂದಿದೆ. ನಿಜ ಜ್ಯೇಷ್ಠದಲ್ಲಿ ನಮಗೆ ಕೂಡೋ ದಿನ ಇಲ್ಲ, ಅದಾದ್ಮೇಲೆ ಆಷಾಢ. ಆಷಾಢದಲ್ಲಿ ಸಂಸಾರ ಕಟ್ಕೊಂಡು ಹೊರಡ್ತಾರಾ ಯಾರಾದ್ರೂ? ಶ್ರಾವಣ ಶುದ್ಧದಲ್ಲಿ ಒಳ್ಳೆ ದಿನ ಇದೆ ಅಂತ ತಾತ ಹೇಳಿದ್ದಾರೆ."

ನೂರೈವತ್ತು ವರ್ಷದ ಹಿಂದೆ ಅಮೆರಿಕದಲ್ಲಿ ಹೊರಟ ಬಂಡಿಗೆ ಈ ವರ್ಷದ ಮೈಸೂರು ಪಂಚಾಂಗ. ನಾನು ನಗಬೇಕೆಂದುಕೊಂಡೆ. ಆದರೆ ತರಗತಿ ನಗಲಿಲ್ಲ. ಬೇರೆ ಮನೆಗಳಲ್ಲೂ ಹೆಚ್ಚುಕಮ್ಮಿ ಇದನ್ನೇ ಹೇಳಿ ಕಳಿಸಿದ್ದರು. ಮಳೆ ಬರಲಿ, ಹುಲ್ಲು ಬರಲಿ, ಆಷಾಢ ಕಳೆಯಲಿ. ನಮ್ಮ ನೆಲದ ಲೆಕ್ಕದಲ್ಲಿ ಅದರಲ್ಲಿ ಒಂದು ತಪ್ಪೂ ಇರಲಿಲ್ಲ. ಕೇಳಿದ್ದರೆ ನನ್ನ ಅತ್ತೆಯೂ ಇದನ್ನೇ ಹೇಳುತ್ತಿದ್ದರು.

ಎದ್ದು ವಿರೋಧಿಸಿದವಳು ಒಬ್ಬಳೇ. ಅವಳ ಮನೆಯವರು ಮಠಕ್ಕೆ ನಡೆದುಕೊಳ್ಳುವ ವ್ಯಾಪಾರಸ್ಥರು, ಅಪ್ಪನದು ದಿನಸಿ ಮಂಡಿ. ಸರಕು ಹೊತ್ತಿಗೆ ಮುಟ್ಟದಿದ್ದರೆ ಏನಾಗುತ್ತದೆ ಎಂಬುದನ್ನು ಊಟದ ಜೊತೆ ಕೇಳಿಕೊಂಡು ಬೆಳೆದವಳು. "ಶ್ರಾವಣ ಅಂದ್ರೆ ಆಗಸ್ಟು. ಐದು ತಿಂಗಳ ದಾರಿ. ನಾವು ಬೆಟ್ಟ ಹತ್ತೋ ಹೊತ್ತಿಗೆ ಹಿಮ ಬಿದ್ದಿರುತ್ತೆ ಕಣ್ರೋ," ಎಂದು ನಕ್ಷೆಯ ಮುಂದೆ ನಿಂತು ಬೆರಳು ಮಡಚಿ ಲೆಕ್ಕ ತೋರಿಸಿದಳು. ಕೈ ಎತ್ತಿಸಿದಾಗ ಅವಳ ಕಡೆ ಬಂದವರು ಅವಳ ಬಂಡಿಯವರಷ್ಟೇ. ಅವಳು ನನ್ನ ಕಡೆ ನೋಡಿದಳು. ಹೇಳಿ ಮಿಸ್, ನೀವಾದರೂ ಹೇಳಿ ಎಂಬ ನೋಟ.

ನನಗೆ ಧ್ವನಿ ಇದ್ದಿದ್ದರೆ ಖಂಡಿತ ಹೇಳಿಬಿಡುತ್ತಿದ್ದೆ. ಹದಿನೈದು ವರ್ಷದ ಅಭ್ಯಾಸ ಅದು. ಸೀಮೆಸುಣ್ಣ ಕೈಗೆತ್ತಿಕೊಂಡೆ. ಬೋರ್ಡು ಆಗಲೇ ತುಂಬಿತ್ತು, ಒರೆಸಿ ಬರೆಯುವಷ್ಟು ತ್ರಾಣವಿರಲಿಲ್ಲ. ನಿಯಮ ಕೂಡ ಟೀಚರು ಮಧ್ಯೆ ಬರಬಾರದೆಂದೇ ಇತ್ತು. ಸ್ಕೇಲಿನಿಂದ ಎರಡು ಪೆಟ್ಟು ಕುಟ್ಟಿದೆ. ಬಂಡಿಗಳು ಶ್ರಾವಣದಲ್ಲಿ ಹೊರಟವು.

ದಾರಿಯ ಮೊದಲ ವಾರಗಳು ಚೆನ್ನಾಗಿದ್ದವು. ಸೌದೆ ಸಿಗದ ಬಯಲಿನಲ್ಲಿ ಆ ಜನ ಕಾಡೆಮ್ಮೆಯ ಒಣಸಗಣಿ ಆರಿಸಿ ಒಲೆ ಹಚ್ಚುತ್ತಿದ್ದರೆಂಬ ಚೀಟಿ ಬಂದಾಗ, ಲಕೋಟೆಯಲ್ಲಿ 'ಮಕ್ಕಳು ಅಸಹ್ಯಪಡುತ್ತಾರೆ' ಎಂದಿತ್ತು. ನಮ್ಮವರು, "ಬೆರಣಿ ತಾನೆ ಮಿಸ್," ಎಂದು ಮುಂದೆ ಹೋದರು. ಅದೇ ಬಯಲಿನ ನಡುವೆ ಮಂಡಿಯ ಹುಡುಗಿ ಒಂದು ಪ್ರಶ್ನೆ ಕೇಳಿದಳು: "ನಮ್ಮ ಎತ್ತು ತಿನ್ನೋ ಹುಲ್ಲು ಯಾರದು? ಅಲ್ಲಿ ಮೊದಲಿಂದ ಇದ್ದೋರು ಏನಾದ್ರು?" ಪುಸ್ತಕದಲ್ಲಿ ಆ ಜನರ ಬಗ್ಗೆ ಅರ್ಧ ಸಾಲಿತ್ತು. ಬೇರೆ ವರ್ಷ ಕೇಳಿದ್ದರೆ ನಾನು ಅದರ ಸುತ್ತ ಇಪ್ಪತ್ತು ನಿಮಿಷ ಮಾತಾಡಿ, ಕೊನೆಗೆ ಏನೂ ಹೇಳದೆ ಮುಗಿಸುತ್ತಿದ್ದೆನೇನೋ. ಬೋರ್ಡಿನ ಮೂಲೆಯಲ್ಲಿ ಉಳಿದ ಜಾಗದಲ್ಲಿ ಬರೆದೆ: ಅವರದೇ. ಬಂಡಿಗಳು ಹೆಚ್ಚಾದ ಹಾಗೆಲ್ಲ ಅವರನ್ನು ಓಡಿಸಿದರು. ಆ ದಿನ ಯಾರೂ ಚೀಟಿ ಎತ್ತುವ ಅವಸರ ಮಾಡಲಿಲ್ಲ.

ಮುಂದಿನ ವಾರ ಕಾಲರಾ ಬಂತು. ಚೀಟಿ ಎತ್ತಿದ ಹುಡುಗಿ ನಿಯಮದ ಪ್ರಕಾರ ಹಿಂದಿನ ಬೆಂಚಿಗೆ ಹೋಗಿ ಕೂತಳು. ಮನೆಗೆ ಹೋಗಿ, "ಅಮ್ಮ, ಇವತ್ತು ನಾನು ಸತ್ತೋದೆ," ಎಂದು ಚಪ್ಪಲಿ ಬಿಡುತ್ತಲೇ ಹೇಳಿದಳಂತೆ. ಮರುದಿನ ಬೆಳಿಗ್ಗೆ ಬೆಲ್ಲಾಗುವ ಮುಂಚೆಯೇ ತಾಯಿ ಶಾಲೆಯಲ್ಲಿದ್ದರು. ಹೆಡ್‌ಮಿಸ್ಸಿನ ಕೋಣೆಗೆ ನನ್ನನ್ನು ಕರೆಸಿದರು.

"ಹುಟ್ಟಿದ ಹಬ್ಬ ಮುಂದಿನ ವಾರ ಇಟ್ಕೊಂಡು ಮಗು ಬಾಯಲ್ಲಿ ಇಂಥಾ ಮಾತು ಆಡಿಸ್ತಾರೇನ್ರೀ?" ಎಂದು ಆ ತಾಯಿ ಕಣ್ಣೊರೆಸಿಕೊಂಡರು. ನನಗೂ ಪಾಪ ಅನ್ನಿಸಿತು. ಹೆಡ್‌ಮಿಸ್ಸು ಅವರನ್ನು ಸಮಾಧಾನಪಡಿಸಿ ಕಳಿಸಿ, ನನ್ನ ಕಡೆ ತಿರುಗಿದರು. "ಸಾಯೋದೆಲ್ಲ ಬೇಡ ಕಣಮ್ಮ. ಬೇರೆ ಏನಾದ್ರೂ ಮಾಡಿ."

ಅದಕ್ಕೆ ನಾನು ಒಪ್ಪಿದೆ. 'ಸತ್ತರು' ಎಂಬ ಕಡೆಯೆಲ್ಲ ಬಿಳಿ ಕಾಗದ ಅಂಟಿಸಿ 'ದಾರಿಯಲ್ಲಿ ಉಳಿದರು' ಎಂದು ಬರೆದೆ. ಮಕ್ಕಳು ಒಂದೇ ದಿನದಲ್ಲಿ ಕಲಿತುಕೊಂಡು, "ಮಿಸ್, ಇವನೂ ಉಳಿದ್ಬಿಟ್ಟ," ಎನ್ನತೊಡಗಿದರು. ಆದರೆ ಕಾಲರಾದಲ್ಲಿ ಉಳಿದ ಹುಡುಗಿಯ ಬಂಡಿಯವರು ಜಾಗ ಬಿಟ್ಟು ಏಳಲಿಲ್ಲ. ಸೂತಕ. ಸೂತಕ ಕಳೆಯುವವರೆಗೆ ಹೊರಡುವಂತಿಲ್ಲ, ಒಂದು ಬಂಡಿ ನಿಂತರೆ ಸಾಲೆಲ್ಲ ನಿಲ್ಲಬೇಕು. ಲಕೋಟೆಯನ್ನು ತಲೆಕೆಳಗು ಮಾಡಿ ಹುಡುಕಿದೆ, ಸೂತಕಕ್ಕೆ ನಿಯಮವೇ ಇರಲಿಲ್ಲ.

ಮಂಡಿಯ ಹುಡುಗಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ನಮ್ಮಲ್ಲಿ ಸೂತಕ ಇಲ್ಲ. ಅಜ್ಜಿ ಹೇಳ್ತಾರೆ, ಲಿಂಗ ಕಟ್ಕೊಂಡೋರಿಗೆ ಸೂತಕ ಇಲ್ಲ ಅಂತ. ನಾವು ಹೊರಡ್ತೀವಿ."

"ನಿಮ್ಮಲ್ಲಿ ಇಲ್ದಿದ್ರೆ ನೀವು ಹೋಗಿ. ನಮ್ಮಲ್ಲಿ ಇದೆ," ಎಂದ ಮಂಟಪದ ಹುಡುಗ.

"ಒಬ್ಬರೇ ಹೋಗೋ ಹಂಗಿಲ್ವಲ್ಲೋ! ಅದಕ್ಕೇ ಹೇಳ್ತಿರೋದು!"

ಜಗಳ ಪಕ್ಕದ ಕೋಣೆಗೂ ಕೇಳಿ 'ಬಿ' ಸೆಕ್ಷನ್ನಿನ ಟೀಚರು ಬಾಗಿಲಿಗೆ ಬಂದಳು, ನನ್ನ ಮುಖ ನೋಡಿ ನಗುತ್ತಾ ಹೋದಳು. ನಾನು ಕುರ್ಚಿಯಲ್ಲಿ ಕೂತೇ ಇದ್ದೆ. ಏಳಲು ಶಕ್ತಿ ಇರಲಿಲ್ಲ ಎಂಬುದು ನಿಜ. ಏಳಬೇಕೆನ್ನಿಸಲಿಲ್ಲ ಎಂಬುದೂ ನಿಜ. ಮತ ಹಾಕಿದರು. ಬಂಡಿಗಳು ಸೂತಕ ಕಳೆಯುವವರೆಗೆ ಹುಲ್ಲಿಲ್ಲದ ಜಾಗದಲ್ಲಿ ನಿಂತವು. ಕ್ಯಾಲೆಂಡರಿನ ಹಾಳೆ ನಾನೇ ತಿರುಗಿಸಿದೆ. ಮಂಡಿಯ ಹುಡುಗಿ ತನ್ನ ಜಾಗಕ್ಕೆ ಹೋಗಿ ಕೂತು, ಭಾರ ಇಳಿಸಲು ಪಟ್ಟಿಯಿಂದ ರುಬ್ಬುವ ಕಲ್ಲನ್ನು ಹೊಡೆದುಹಾಕಿದಳು. ಅದು ಅವಳದೇ ಕಲ್ಲು.

ಮಾದರಿ ಪಾಠಕ್ಕೆ ಒಂದು ವಾರವಿದ್ದಾಗ ಹೆಡ್‌ಮಿಸ್ಸು ನನ್ನ ಕೋಣೆಗೆ ಬಂದು ನಕ್ಷೆ ನೋಡಿದರು. ಬಂಡಿಗಳು ಬಂದ ದೂರ ತೋರಿಸಲು ಗುಂಡುಸೂಜಿಯಲ್ಲಿ ಚುಚ್ಚಿದ್ದ ದಾರ ಕೊನೆಯ ಬೆಟ್ಟಗಳ ಈಚೆಗೇ ನಿಂತಿತ್ತು. ಕ್ಯಾಲೆಂಡರು ನವೆಂಬರಿನ ಕೊನೆ ತೋರಿಸುತ್ತಿತ್ತು.

"ಕಮಿಟಿಯವರು ಬಂದ ದಿನ ತಲುಪ್ತಾರೆ ತಾನೆ?"

ಇಲ್ಲ ಎಂದು ತಲೆಯಾಡಿಸಿ, ಹಿಮದ ಚೀಟಿಗಳ ಕಟ್ಟು ತೋರಿಸಿದೆ. ನವೆಂಬರಿನಲ್ಲಿ ಬೆಟ್ಟದ ಈಚೆ ಇದ್ದವರು ಆ ಕಟ್ಟಿನಿಂದಲೇ ಎತ್ತಬೇಕು. ಒಂದೆರಡು ಬಿಟ್ಟು ಉಳಿದೆಲ್ಲ ಚೀಟಿಯಲ್ಲೂ ಬಿಳಿ ಕಾಗದ ಅಂಟಿಸಿತ್ತು.

"ಅಯ್ಯೋ, ಶುಭ ಸಮಾರಂಭ ಕಣಮ್ಮ ಅದು. ಪೇರೆಂಟ್ಸ್ ಬರ್ತಾರೆ. ಕ್ಯಾಲೆಂಡರ್ ಎರಡು ತಿಂಗಳು ಹಿಂದಕ್ಕೆ ತಿರುಗಿಸಿ, ಅಷ್ಟೆ. ಯಾರಿಗೆ ಗೊತ್ತಾಗುತ್ತೆ? ಎಲ್ಲರೂ ತಲುಪಲಿ, ಹಾಡು ಹೇಳಲಿ, ನೀವು ಕೊನೇಲಿ ಹತ್ತು ನಿಮಿಷ ಮಾತಾಡಿ. ಆರ್ಡರ್ ನನ್ನ ಟೇಬಲ್ ಮೇಲೇ ಇದೆ."

ಅವರು ಹೋದ ಮೇಲೆ ಕ್ಯಾಲೆಂಡರಿನ ಮುಂದೆ ನಿಂತೆ. ಎರಡು ಹಾಳೆ. ಹಿಂದಕ್ಕೆ ಮಡಚಿದರೆ ಕೆಲಸ ಖಾಯಂ, ರಜೆ ಸಿಗುತ್ತದೆ, ಗಂಟಲಿಗೆ ವಿಶ್ರಾಂತಿ ಸಿಗುತ್ತದೆ. ನನಗೆ ಎಷ್ಟು ಸುಸ್ತಾಗಿತ್ತೆಂದರೆ ಆ ಹಾಳೆಗಳನ್ನು ಕೈಯಲ್ಲಿ ಹಿಡಿದೂ ಬಿಟ್ಟೆ. ಆಗ ನೆನಪಾದದ್ದು ಆ ಹುಡುಗಿ. ಪ್ರತಿ ಸಲ ಸರಿಯಾಗಿ ಲೆಕ್ಕ ಹೇಳಿ, ಪ್ರತಿ ಸಲ ಸೋತು, ಆದರೂ ಸಾಲು ಬಿಡದೆ ಎಲ್ಲರ ಜೊತೆ ನಡೆದಿದ್ದಳು. ಈಗ ನಾನು ತಿಂಗಳನ್ನೇ ಅಳಿಸಿಬಿಟ್ಟರೆ, ನಿನ್ನ ಲೆಕ್ಕಕ್ಕೆ ಬೆಲೆಯೇ ಇಲ್ಲ ಎಂದು ಅವಳಿಗೆ ಹೇಳಿದ ಹಾಗೆ. ಮಂಟಪದ ಹುಡುಗನಿಗೂ ಅನ್ಯಾಯ. ತಾನು ತೀರ್ಮಾನಿಸಿದ್ದು ಏನಾಯಿತೆಂದು ಅವನಿಗೆ ತಿಳಿಯುವುದೇ ಇಲ್ಲ. ಹಾಳೆ ಬಿಟ್ಟು ಕೈ ಒರೆಸಿಕೊಂಡೆ. ಹಿಮದ ಚೀಟಿಗಳನ್ನು ಕಲೆಸಿ ಮೇಜಿನ ಮೇಲಿಟ್ಟು ಬಸ್ಸಿಗೆ ಹೊರಟೆ.

ಮಾದರಿ ಪಾಠದ ದಿನ ಗೋಡೆಯ ಉದ್ದಕ್ಕೂ ಕುರ್ಚಿ ಹಾಕಿದ್ದರು. ಮಂಡಳಿಯವರು, ಕೆಲವು ಪೋಷಕರು, ಮುಂದಿನ ಸಾಲಿನಲ್ಲಿ ಶಾಲು ಹೊದ್ದ ನಿವೃತ್ತ ಶಿರಸ್ತೇದಾರರು. ಹೆಡ್‌ಮಿಸ್ಸು ಕ್ಯಾಲೆಂಡರಿನತ್ತ ನೋಡಿದರು. ನವೆಂಬರ್. ಆಮೇಲೆ ನನ್ನತ್ತ ನೋಡಲೇ ಇಲ್ಲ.

ಸ್ಕೇಲಿನಿಂದ ಎರಡು ಪೆಟ್ಟು ಕುಟ್ಟಿದೆ.

ಬೆಟ್ಟ ಹತ್ತುವುದೋ, ಹಿಂದಿರುಗುವುದೋ, ಅಲ್ಲೇ ನಿಲ್ಲುವುದೋ. ಮಂಟಪದ ಹುಡುಗ ಹತ್ತೋಣ ಎಂದ, ಇಷ್ಟು ದೂರ ಬಂದಾಗಿದೆ, ಒಳ್ಳೆಯ ಮುಹೂರ್ತದಲ್ಲೇ ಹೊರಟಿದ್ದೇವೆ. ಮಂಡಿಯ ಹುಡುಗಿ ಬೇಡ ಎಂದಳು. ಕೆಳಗೆ ಆ ನೆಲದ ಜನ ಇದ್ದಾರೆ, ಅವರಿಗೆ ಚಳಿಗಾಲ ಕಳೆಯುವುದು ಗೊತ್ತು, ಹೋಗಿ ಕೇಳೋಣ. "ಅವರ ಹುಲ್ಲು ತಿನ್ನಿಸ್ಕೊಂಡು ಬಂದಿದ್ದೀವಿ. ಕೇಳೋಕೆ ನಾಚಿಕೆ ಆಗುತ್ತೆ. ಆದ್ರೂ ಕೇಳ್ಬೇಕು," ಎಂದಳು. ಅದೇ ಮೊದಲ ಸಲ ಸರಿಯಾಗಿ ಅರ್ಧ ಕೈಗಳು ಅವಳ ಕಡೆ ಎದ್ದವು. ಅರ್ಧ ಸಾಕಾಗುವುದಿಲ್ಲ. ಮತ ಸರಿಸಮವಾದರೆ ಮಾತ್ರ ಸಾಲು ಇಬ್ಭಾಗವಾಗಬಹುದೆಂದು ನಿಯಮವಿತ್ತು, ಸಾಲು ಒಡೆಯಿತು. ಹತ್ತುವವರು ಹಿಮದ ಕಟ್ಟಿನಿಂದ ಚೀಟಿ ಎತ್ತಿದರು. ಒಬ್ಬೊಬ್ಬರೇ ಓದಿ ಹಿಂದಿನ ಬೆಂಚಿಗೆ ನಡೆದರು. ಕೊನೆಗೆ ಮಂಟಪದ ಹುಡುಗ ಎತ್ತಿದ. ಓದಿ ತಾತನ ಕಡೆ ನೋಡಿದ.

"ಉಳಿದ್ಬಿಟ್ಟೆ ತಾತ," ಎಂದ.

ಶಿರಸ್ತೇದಾರರು ಕೋಲೂರಿ ಎದ್ದು ನಕ್ಷೆಯ ಹತ್ತಿರ ಹೋಗಿ, ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. "ಪಂಚಾಂಗ ತಪ್ಪಲ್ಲ ಮಗು. ಅದನ್ನ ಗುಣಿಸೋದು ಈ ಊರಿನ ಸೂರ್ಯೋದಯಕ್ಕೆ. ಆ ಊರಿನ ಹಿಮ ಅದರಲ್ಲಿಲ್ಲ. ಊರು ಯಾವುದು ಅಂತ ನಾನು ಕೇಳ್ಬೇಕಿತ್ತು, ಕೇಳಲಿಲ್ಲ," ಎಂದು ಹಿಂದಿನ ಬೆಂಚಿಗೆ ಹೋಗಿ, ಮೊಮ್ಮಗನ ಪಕ್ಕ ಜಾಗ ಮಾಡಿಸಿಕೊಂಡು ಕೂತರು. ಸಂಕೋಚವಿಲ್ಲದೆ ಹೇಳುತ್ತೇನೆ, ನನಗೆ ಅಳು ಬಂತು. ಹುಡುಗಿ ಗೆದ್ದವಳಂತೆ ಕಾಣಲಿಲ್ಲ. ತನ್ನ ಬಂಡಿಯ ಹುರಿಹಿಟ್ಟಿನ ಪಟ್ಟಿ ತೆಗೆದು, ವಸಂತದವರೆಗೆ ಎಷ್ಟು ಜನಕ್ಕೆ ಬರುತ್ತದೆ ಎಂದು ಲೆಕ್ಕ ಹಾಕುತ್ತಾ ಕೂತಿದ್ದಳು.

ಮರುದಿನ ಹೆಡ್‌ಮಿಸ್ಸು ಕರೆಸಿದರು. ಬೈಗುಳಕ್ಕೆ ಸಿದ್ಧಳಾಗಿಯೇ ಹೋದೆ. ಅವರು ನಗುತ್ತಿದ್ದರು. ಕುರ್ಚಿ ತೋರಿಸಿದರು.

"ಸೆಕ್ರೆಟರಿಯವರಿಗೆ ತುಂಬಾ ಖುಷಿಯಾಗಿದೆ ಕಣಮ್ಮ. ಟೀಚರು ಬಾಯೇ ಬಿಡಲಿಲ್ಲ, ಕ್ಲಾಸು ತನ್ನಷ್ಟಕ್ಕೆ ತಾನೇ ನಡೀತು ಅಂತಾರೆ. ನಿಮ್ಮ ಆರ್ಡರ್ ಆಯ್ತು. ಮುಂದಿನ ಜೂನಿಂದ 'ಎ', 'ಬಿ' ಎರಡನ್ನೂ ಒಟ್ಟಿಗೆ ಹಾಲಿನಲ್ಲಿ ಕೂರಿಸ್ತೀವಿ. ತೊಂಬತ್ತೋ ನೂರೋ ಮಕ್ಕಳಾಗ್ತಾರೆ. ನೀವೊಬ್ಬರೇ ಸಾಕು, ಮಕ್ಕಳೇ ಎಲ್ಲ ಮಾಡ್ಕೊಳ್ತಾರಲ್ಲ. ಆ ಇನ್ನೊಬ್ಬ ಟೀಚರಿಗೆ ಮಾರ್ಚಿಗೆ ಹೇಳ್ಬಿಡೋಣ. ಸೈನ್ ಮಾಡಿ."

ಪೆನ್ನು ಮುಂದಿಟ್ಟರು. ನಾನು ಕಾಗದವನ್ನು ಪೂರ್ತಿ ಓದಿದೆ. ನನ್ನ ಹೆಸರನ್ನು ಚೆನ್ನಾಗಿ ಟೈಪ್ ಮಾಡಿದ್ದರು. ಇಷ್ಟು ವರ್ಷ ಕಾದದ್ದು ಈ ಕಾಗದಕ್ಕೇ. ಕೋಣೆಯ ಹೊರಗೆ 'ಬಿ' ಸೆಕ್ಷನ್ನಿನ ಟೀಚರು ಯಾರಿಗೋ ಗದರುವುದು ಕೇಳುತ್ತಿತ್ತು. ಅವಳ ಗಂಟಲೂ ಒಡೆಯತೊಡಗಿತ್ತು, ನಾನದನ್ನು ಆಗಲೇ ಗುರುತಿಸಬಲ್ಲವಳಾಗಿದ್ದೆ.

ಬಾಯಿ ತೆರೆದೆ. ಮೊದಲು ಗಾಳಿ ಮಾತ್ರ ಬಂತು, ಆಮೇಲೆ ಧ್ವನಿ.

"ಆಗಲ್ಲ ಮೇಡಂ. ಮಾತಾಡದೆ ಪಾಠ ಮಾಡಬಹುದು. ಕೇಳಿಸಿಕೊಳ್ಳದೆ ಮಾಡಕ್ಕಾಗಲ್ಲ. ನನಗೆ ಇರೋದು ಎರಡೇ ಕಿವಿ, ಐವತ್ತು ಮಕ್ಕಳಿಗೇ ಅದು ಸಾಲದು."

ಹೆಡ್‌ಮಿಸ್ಸು ನನ್ನನ್ನೇ ನೋಡಿದರು. ಮುಖದ ನಗು ಮೆಲ್ಲಗೆ ಇಳಿಯಿತು. ಕಾಗದವನ್ನು ತಮ್ಮ ಕಡೆ ಎಳೆದುಕೊಂಡು ಡ್ರಾಯರಿನೊಳಗಿಟ್ಟರು.

"ಗಂಟಲು ಸರಿಹೋಗಿದೆಯಲ್ಲ, ಒಳ್ಳೇದಾಯ್ತು. ನಾಳೆಯಿಂದ ಎಂಟನೇ ಕ್ಲಾಸಿನ ರಿವಿಷನ್ನೂ ನೀವೇ ತಗೊಳ್ಳಿ."

ಸ್ಟಾಫ್ ರೂಮಿಗೆ ಬಂದೆ. 'ಬಿ' ಸೆಕ್ಷನ್ನಿನ ಟೀಚರು ಹಲಗೆ ಮುಂದೆ ಚಾಚಿ, ಏನಾಯಿತು ಬರಿ ಎಂದಳು. ಏನೂ ಬರೆಯಲಿಲ್ಲ. ಬಾಯಲ್ಲೂ ಹೇಳಲಿಲ್ಲ. ಚೀಲದಲ್ಲಿದ್ದ ಜ್ಯೇಷ್ಠಮಧುವಿನ ಬೇರನ್ನು ಎರಡಾಗಿ ಮುರಿದು, ಒಂದು ತುಂಡು ಅವಳಿಗೆ ಕೊಟ್ಟೆ. ಜೂನಿನಲ್ಲಿ ಇಬ್ಬರೂ ಮತ್ತೆ ಅದೇ ಶಾಲೆಗೆ, ಅಕ್ಕಪಕ್ಕದ ಅದೇ ಎರಡು ಕೋಣೆಗಳಿಗೆ ಹೋದೆವು, ಟೆಂಪರರಿಯಾಗಿ.